ಲಕ್ಷದ್ವೀಪಕ್ಕೆ ಹೊರಟಿದ್ದೀರಾ? ಅಲೆಯ ಎತ್ತರದ ಜೊತೆ ಸೆಕೆಂಡನ್ನೂ ನೋಡಿ

ಪ್ರಶ್ನೆ: ನಾವು ಸಿಂಧನೂರಿನವರು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಮರುದಿನ ರೈಲು ಹತ್ತಿ, ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪದ ಕವರತ್ತಿಗೆ ಹೊರಟಿದ್ದೇವೆ. ಕಡಲ ಮೇಲೆ, ದ್ವೀಪದಲ್ಲಿ ಸೇರಿ ಒಂದು ವಾರ. ನಾನು, ನನ್ನ ಹೆಂಡತಿ, 13 ಮತ್ತು 9 ವರ್ಷದ ಮಕ್ಕಳು, 66 ವರ್ಷದ ನಮ್ಮವ್ವ. ಅವ್ವನಿಗೆ ಮೊಣಕಾಲು ನೋವಿದೆ. ನಮ್ಮಲ್ಲಿ ಯಾರೂ ಇದುವರೆಗೆ ಕಡಲು ಕಂಡಿಲ್ಲ. ಫೋನಿನ ಆ್ಯಪ್‌ನಲ್ಲಿ ಮೊದಲ ಮೂರು ದಿನ ಅಲೆ 1.4 ಮೀಟರ್, 13 ಸೆಕೆಂಡ್, ಗಾಳಿ 8 ನಾಟ್ ಎಂದು ತೋರಿಸುತ್ತಿದೆ. ನಾಲ್ಕು, ಐದನೇ ದಿನ ಅಲೆ 1.3 ಮೀಟರ್, 6 ಸೆಕೆಂಡ್, ಈಶಾನ್ಯದಿಂದ 18 ನಾಟ್ ಗಾಳಿ. 1.4 ಮೀಟರ್ ಅಂದರೆ ಹೆಚ್ಚುಕಡಿಮೆ ನನ್ನ ಮಗಳ ಎತ್ತರ. ಅದಕ್ಕೇ ದೋಣಿಯಲ್ಲಿ ಹೊರಗೆ ಹೋಗುವುದನ್ನು ಅಲೆ ಸಣ್ಣದಿರುವ ನಾಲ್ಕನೇ ದಿನಕ್ಕೆ ಇಟ್ಟಿದ್ದೇವೆ. ಇದು ಸರಿಯಾ? ಮಕ್ಕಳನ್ನು ನೀರಿಗೆ ಇಳಿಸಬಹುದಾ? ತಂಡಿ ಎಷ್ಟಿರುತ್ತದೆ? ತುಫಾನಿನ ಭಯ ಇದೆಯಾ?

ಉತ್ತರ: ಮೊದಲು ಆ ನಾಲ್ಕನೇ ದಿನದ ದೋಣಿಯನ್ನು ಬದಲಿಸಿ. ಎರಡನೇ ಅಥವಾ ಮೂರನೇ ದಿನಕ್ಕೆ ತನ್ನಿ. ಉಳಿದದ್ದನ್ನೆಲ್ಲ ನಿಧಾನವಾಗಿ ಹೇಳುತ್ತೇನೆ.

ನೀವು ಮಾಡಿದ ಲೆಕ್ಕವನ್ನೇ ಬಹಳ ಜನ ಮಾಡುತ್ತಾರೆ. 1.4ಕ್ಕಿಂತ 1.3 ಕಡಿಮೆ, ಹಾಗಾಗಿ ಅವತ್ತು ಕಡಲು ಶಾಂತ ಅಂದುಕೊಳ್ಳುತ್ತಾರೆ. ಅದರ ಪಕ್ಕದಲ್ಲೇ ಇರುವ ಸೆಕೆಂಡಿನ ಅಂಕಿಯನ್ನು ಯಾರೂ ನೋಡುವುದಿಲ್ಲ. ಒಂದು ಅಲೆಯ ನೆತ್ತಿ ಬಂದು ಹೋದ ಮೇಲೆ ಮುಂದಿನದರ ನೆತ್ತಿ ಬರಲು ಎಷ್ಟು ಹೊತ್ತು ಅನ್ನುವುದು ಅದು. ಆಳದ ಕಡಲಿನಲ್ಲಿ ಇದಕ್ಕೊಂದು ಸರಳ ಲೆಕ್ಕ ಇದೆ. ಸೆಕೆಂಡನ್ನು ಸೆಕೆಂಡಿನಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಎರಡು ಅಲೆಗಳ ನಡುವಿನ ದೂರ ಮೀಟರಿನಲ್ಲಿ ಸಿಗುತ್ತದೆ. 13 ಸೆಕೆಂಡಿನ ಅಲೆಗೆ ಅದು ಸುಮಾರು 264 ಮೀಟರ್. 6 ಸೆಕೆಂಡಿನದಕ್ಕೆ ಬರೀ 56 ಮೀಟರ್.

ಈಗ ಹತ್ತು ಮೀಟರ್ ಉದ್ದದ ಒಂದು ದೋಣಿಯನ್ನು ಈ ಎರಡರ ಮೇಲೆ ಇಟ್ಟು ನೋಡಿ. 264 ಮೀಟರಿನಲ್ಲಿ 1.4 ಮೀಟರ್ ಏರಿಳಿತ ಅಂದರೆ ಎರಿ ಹೊಲದ ಇಳಿಜಾರಿನ ಹಾಗೆ, ಕಣ್ಣಿಗೆ ಗೊತ್ತೇ ಆಗದಷ್ಟು. ದೋಣಿ ಉಸಿರಾಡಿದ ಹಾಗೆ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಅದೇ 56 ಮೀಟರಿನಲ್ಲಿ 1.3 ಮೀಟರ್ ಅಂದರೆ ನಾಲ್ಕು ಪಟ್ಟಿಗಿಂತ ಜಾಸ್ತಿ ಕಡಿದು. ದೋಣಿಯ ಮೂಗು ಏಳುತ್ತದೆ, ಧಪ್ ಅಂತ ಬೀಳುತ್ತದೆ, ಸುಧಾರಿಸಿಕೊಳ್ಳುವ ಮೊದಲೇ ಮುಂದಿನದು ಬರುತ್ತದೆ.

ನಾನು ಬೆಳೆದದ್ದು ಮುನಿರಾಬಾದಿನಲ್ಲಿ. 1953ರಲ್ಲಿ ಕಟ್ಟಿ ಮುಗಿದ ತುಂಗಭದ್ರಾ ಡ್ಯಾಮಿನ ನೀರು ನಮ್ಮ ಮನೆಯಿಂದ ಅರ್ಧ ಗಂಟೆಯ ನಡಿಗೆ. ಆಷಾಢದ ಗಾಳಿಗೆ ಆ ನೀರು ಏಳುತ್ತಿತ್ತಲ್ಲ, ಅದು ನಾನು ಕಂಡ ಮೊದಲ ಅಲೆ. ಸಣ್ಣ ಸಣ್ಣ ತೆರೆ, ಒಂದರ ಬೆನ್ನಿಗೆ ಇನ್ನೊಂದು. ಎತ್ತರ ನೋಡಿದರೆ ಮೊಣಕಾಲು ಮುಟ್ಟುತ್ತಿರಲಿಲ್ಲ. ಆದರೂ ಹರಿಗೋಲಿನವರು ಅವತ್ತು ನೀರಿಗೆ ಇಳಿಯುತ್ತಿರಲಿಲ್ಲ. ತೆರೆ ದೊಡ್ಡದು ಅಂತ ಅಲ್ಲ, ಒತ್ತೊತ್ತಾಗಿ ಬರುತ್ತದೆ ಅಂತ. ಸೆಕೆಂಡಿನ ಅಂಕಿ ಹೇಳುವುದು ಇದನ್ನೇ.

ಎರಡೂ ಅಲೆಗಳು ಹುಟ್ಟುವ ಜಾಗವೇ ಬೇರೆ. ನಿಮ್ಮ ನಾಲ್ಕನೇ ದಿನದ್ದು ಅಲ್ಲೇ ಹತ್ತಿರದ ಗಾಳಿ ಎಬ್ಬಿಸಿದ್ದು. ಡಿಸೆಂಬರ್, ಜನವರಿಯಲ್ಲಿ ಈಶಾನ್ಯದ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಪಶ್ಚಿಮ ಘಟ್ಟದಲ್ಲಿ ಪಾಲಕ್ಕಾಡಿನ ಹತ್ತಿರ ಒಂದು ದೊಡ್ಡ ಬಾಯಿ ಇದೆ. ಎರಡು ಮನೆಗಳ ನಡುವಿನ ಸಂದಿಯಲ್ಲಿ ಗಾಳಿ ಜೋರಾಗುತ್ತದಲ್ಲ, ಹಾಗೆ ಆ ಬಾಯಿಯಿಂದ ನುಗ್ಗಿದ ಗಾಳಿ ಕಡಲಿನ ಮೇಲೂ ದೂರದವರೆಗೆ ಹೋಗುತ್ತದೆ. 18 ನಾಟ್ ಅಂದರೆ ಗಂಟೆಗೆ 33 ಕಿಲೋಮೀಟರ್. ಅಷ್ಟು ಗಾಳಿಗೆ ಕಡಲ ತುಂಬ ಬಿಳಿ ನೊರೆ ಕಾಣುತ್ತದೆ.

13 ಸೆಕೆಂಡಿನ ಅಲೆಯ ಕತೆ ಇನ್ನೂ ಚೆಂದ. ಅದು ಹುಟ್ಟುವುದು ಭೂಮಧ್ಯರೇಖೆ ದಾಟಿ, ದಕ್ಷಿಣ ಧ್ರುವದ ಕಡೆಯ ಬಿರುಗಾಳಿಗಳಲ್ಲಿ. ಅಲ್ಲಿಂದ ಲಕ್ಷದ್ವೀಪಕ್ಕೆ ಸುಮಾರು 6,000 ಕಿಲೋಮೀಟರ್. ಇಂಥ ಅಲೆಗಳ ಗುಂಪು ದಿನಕ್ಕೆ ಹತ್ತಿರ ಹತ್ತಿರ 880 ಕಿಲೋಮೀಟರ್ ಸಾಗುತ್ತದೆ. ಅಂದರೆ ಒಂದು ವಾರದ ದಾರಿ. ನೀವು ದ್ವೀಪದಲ್ಲಿ ಮೂರನೇ ದಿನ ನೋಡುವ ಅಲೆ, ನೀವು ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗಾಗಲೇ ಅಲ್ಲಿಂದ ಹೊರಟು ದಾರಿಯಲ್ಲಿರುತ್ತದೆ. ಅದಕ್ಕೇ ದೂರದ ಅಲೆಯ ಮುನ್ಸೂಚನೆಯನ್ನು ಮೂರು ನಾಲ್ಕು ದಿನ ಮೊದಲೇ ಸಾಕಷ್ಟು ನಂಬಬಹುದು. ಗಾಳಿಯದನ್ನು ಅಷ್ಟು ನಂಬಲಾಗದು. ನಾಲ್ಕನೇ ದಿನದ 18 ನಾಟ್ ಐದನೇ ದಿನಕ್ಕೆ ಜಾರಬಹುದು, ಮೂರನೇ ದಿನವೇ ಬರಲೂಬಹುದು. ದಿನಾ ಬೆಳಿಗ್ಗೆ ಮತ್ತೊಮ್ಮೆ ನೋಡಿ.

ಇನ್ನೊಂದು ಮಾತು. ಆ್ಯಪ್‌ನಲ್ಲಿ ಬರುವ ಎತ್ತರ ಎಲ್ಲ ಅಲೆಗಳದ್ದಲ್ಲ. ನೂರು ಅಲೆ ಬಂದರೆ, ಅದರಲ್ಲಿ ದೊಡ್ಡವು ಮೂವತ್ತಮೂರನ್ನು ಆರಿಸಿ ತೆಗೆದ ಸರಾಸರಿ ಅದು. ತುಂಬ ಅಲೆಗಳು ಅದಕ್ಕಿಂತ ಸಣ್ಣವೇ. ಆದರೆ ಅಪರೂಪಕ್ಕೆ ಒಂದು ಅದರ ಎರಡರಷ್ಟು ಇರುತ್ತದೆ. 1.4 ಮೀಟರ್ ಅಂತ ಬರೆದ ದಿನ 2.5 ಮೀಟರ್ ದಾಟಿದ ಅಲೆಯೂ ಒಮ್ಮೆ ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ಅರ್ಧ ಗಂಟೆ ಶಾಂತವಾಗಿತ್ತು ಅಂತ ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು ಅನ್ನುವುದು ಇದಕ್ಕೇ.

ಹಾಗಾದರೆ 13 ಸೆಕೆಂಡಿನ ಅಲೆ ಎಲ್ಲ ಕಡೆ ಸಾಧುವಾ? ಅಲ್ಲ. ಹಡಗಿಗೆ, ಆಳದ ನೀರಿನಲ್ಲಿರುವ ದೋಣಿಗೆ ಅದು ಸಾಧು. ದ್ವೀಪದ ಸುತ್ತಲಿನ ಹವಳದ ದಿಬ್ಬದ ಅಂಚಿನಲ್ಲಿ ಅದೇ ಅಲೆ ಬೇರೆಯೇ ಆಗುತ್ತದೆ. ನೀರು ಆಳವಿಲ್ಲದ ಕಡೆ ಬಂದ ಕೂಡಲೇ ಅದರ ತಳ ತಡೆಯುತ್ತದೆ, ಮೇಲ್ಭಾಗ ನೆಟ್ಟಗೆ ಏಳುತ್ತದೆ, ಒಡೆಯುತ್ತದೆ. ಉದ್ದ ಅಲೆಯ ಬೆನ್ನಿಗೆ ತುಂಬ ನೀರು ಇರುತ್ತದೆ. ಒಡೆದ ಮೇಲೂ ನುಗ್ಗುತ್ತಲೇ ಇರುತ್ತದೆ. ಮೊದಲ ಮೂರು ದಿನ ದಿಬ್ಬದ ಹೊರ ಅಂಚಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಫೋಟೋ ತೆಗೆಯಲೂ ಬೇಡ.

ನಮ್ಮ ಕಡೆ ನಡುಗಡ್ಡೆ ಅಂದರೆ ಹೊಳೆಯ ನಡುಗಡ್ಡೆ. ಆನೆಗೊಂದಿ ಪಕ್ಕದ ವಿರೂಪಾಪುರ ಗಡ್ಡೆ, ಕೃಷ್ಣೆಯಲ್ಲಿ ಲಿಂಗಸುಗೂರು ಕಡೆಯ ಕರಕಲಗಡ್ಡಿ, ರಾಯಚೂರು ಕಡೆಯ ಕುರ್ವಕಲಾ. ಕೃಷ್ಣೆಯ ಗಡ್ಡೆಗಳವರಿಗೆ ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರು ಅನ್ನುವ ಸುದ್ದಿ ಬಂದರೆ ಸಾಕು, ತೆಪ್ಪ ನಿಲ್ಲುತ್ತದೆ. ಅಪಾಯ ಬರುವುದು ಮೇಲಿನಿಂದ, ಒಂದೇ ದಿಕ್ಕಿನಿಂದ. ಕಡಲ ನಡುಗಡ್ಡೆಗೆ ಹಾಗಲ್ಲ. ಒಂದೇ ದಿನ ಒಂದು ದಂಡೆ ತಟ್ಟೆಯ ನೀರಿನಂತೆ ಇರುತ್ತದೆ, ಇನ್ನೊಂದು ದಂಡೆಯಲ್ಲಿ ನಿಲ್ಲಲೂ ಆಗುವುದಿಲ್ಲ. ಯಾವ ದಂಡೆ ಅನ್ನುವುದನ್ನು ಗಾಳಿಯ ದಿಕ್ಕು ಹೇಳುತ್ತದೆ.

ಕವರತ್ತಿಯ ಪಶ್ಚಿಮಕ್ಕೆ ಲಗೂನ್ ಇದೆ. ದಂಡೆಗೂ ಹವಳದ ದಿಬ್ಬಕ್ಕೂ ನಡುವಿನ ತಿಳಿನೀರು ಅದು. ತಳದ ಬಿಳಿ ಮರಳು ಕಾಣುತ್ತದೆ. ಹೊರಗಿನ ಅಲೆ ದಿಬ್ಬಕ್ಕೆ ಬಡಿದು ಅಲ್ಲೇ ಮುರಿಯುತ್ತದೆ, ಒಳಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ. ಈಶಾನ್ಯದ ಗಾಳಿಗಂತೂ ದ್ವೀಪವೇ ಅಡ್ಡ ನಿಂತಿರುತ್ತದೆ. ತೆಂಗಿನ ಮರಗಳ ಮರೆಯಲ್ಲಿ ಲಗೂನಿನ ದಂಡೆ ಚಳಿಗಾಲದಲ್ಲಿ ಬಹಳ ನೆಮ್ಮದಿಯ ಜಾಗ. ಮಕ್ಕಳನ್ನು ಇಳಿಸಬಹುದಾ ಅಂತ ಕೇಳಿದ್ದೀರಿ. ಇಳಿಸಿ, ಇಲ್ಲೇ ಇಳಿಸಿ. ಲೈಫ್ ಜಾಕೆಟ್ ಹಾಕಿಸಿ, ನೀವೂ ಜೊತೆಗೆ ಇಳಿಯಿರಿ.

ಆದರೆ ನಾಲ್ಕು, ಐದನೇ ದಿನ ಇದೇ ದಂಡೆ ಮೋಸ ಮಾಡುತ್ತದೆ. ದಯವಿಟ್ಟು ಇದನ್ನು ಎರಡು ಸಲ ಓದಿ. ಅವತ್ತು ಗಾಳಿ ನಿಮ್ಮ ಬೆನ್ನ ಹಿಂದಿನಿಂದ, ನೆಲದಿಂದ ನೀರಿನ ಕಡೆ ಬೀಸುತ್ತಿರುತ್ತದೆ. ದಂಡೆ ಹತ್ತಿರ ಮರಗಳ ಮರೆ, ಹಾಗಾಗಿ ನೀರಿನ ಮೇಲೆ ಒಂದು ಗೆರೆಯೂ ಇರುವುದಿಲ್ಲ. ಐವತ್ತು ಹೆಜ್ಜೆ ಮುಂದೆ ಮರೆ ತಪ್ಪುತ್ತದೆ, ಅಲ್ಲಿಂದ ಗಾಳಿ ಹೊರಗೆ ತಳ್ಳುತ್ತದೆ. ಗಾಳಿ ತುಂಬಿದ ಟ್ಯೂಬ್ ಮೇಲೆ ಕೂತ ಮಗು ನಗುನಗುತ್ತಲೇ ದೂರ ಹೋಗಿರುತ್ತದೆ. ವಾಪಸ್ ಬರಲು ಕೈಯಲ್ಲಿ ಶಕ್ತಿ ಸಾಲುವುದಿಲ್ಲ. ಆ ಎರಡು ದಿನ ಟ್ಯೂಬ್, ಬಾಡಿಗೆ ಕಯಾಕ್ ಯಾವುದೂ ಬೇಡ. ಸೊಂಟದ ಮಟ್ಟದ ನೀರು ಸಾಕು.

ಅಮಾವಾಸ್ಯೆಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನಕ್ಕೆ ಉಬ್ಬರ ಇಳಿತ ಜೋರಾಗಿರುತ್ತದೆ. ಅಷ್ಟಮಿಯ ಹೊತ್ತಿಗೆ ಸಪ್ಪೆಯಾಗುತ್ತದೆ. ನೀವು ಮುಟ್ಟುವಾಗ ಎಳ್ಳ ಅಮಾವಾಸ್ಯೆಯ ಜೋರು ಇನ್ನೂ ಇರುತ್ತದೆ, ವಾರದ ಕೊನೆಗೆ ತಗ್ಗುತ್ತದೆ. ಭಾವನಗರದ ಕಡೆ ನೀರು 10 ಮೀಟರ್ ಏರಿಳಿಯುವುದುಂಟು, ಇಲ್ಲಿ ಹೆಚ್ಚೆಂದರೆ ಒಂದು ಮೀಟರಿನ ಆಸುಪಾಸು. ಅಷ್ಟೇನಾ ಅಂದುಕೊಳ್ಳಬೇಡಿ. ಲಗೂನಿನ ನೀರೆಲ್ಲ ದಿಬ್ಬದಲ್ಲಿರುವ ಒಂದೆರಡು ಕಿರಿದಾದ ಬಾಯಿಗಳಿಂದಲೇ ಹೊರಗೆ ಹೋಗಬೇಕು. ಇಳಿತದ ಹೊತ್ತಿಗೆ ಆ ಬಾಯಿಯಲ್ಲಿ ಸೆಳವು ಕಾಲುವೆ ತೂಬಿನ ಹಾಗೆ ಇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನವರು ನೀವು, ತೂಬಿನ ಬಾಯಿಗೆ ಮಕ್ಕಳನ್ನು ಬಿಡುವುದಿಲ್ಲ ಅಲ್ವಾ? ಇದೂ ಹಾಗೇ. ಮುಳುಗಿ ಹವಳ ನೋಡುವುದಿದ್ದರೆ ಉಬ್ಬರ ತುಂಬಿ ನೀರು ನಿಂತ ಹೊತ್ತು ಒಳ್ಳೆಯದು. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಹತ್ತಕ್ಕೆ ತುಂಬಿದರೆ ನಾಳೆ ಹತ್ತು ಐವತ್ತಕ್ಕೆ.

ಇನ್ನು ನಿಮ್ಮ ತಾಯಿಯವರ ವಿಷಯ. ನನಗೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ.

ಲಕ್ಷದ್ವೀಪದ ಹೆಚ್ಚಿನ ದ್ವೀಪಗಳಲ್ಲಿ ದೊಡ್ಡ ಹಡಗು ದಂಡೆಗೆ ಬರುವುದಿಲ್ಲ. ಹವಳದ ದಿಬ್ಬ ಬಿಡುವುದಿಲ್ಲ. ಹಡಗು ಹೊರಗೆ ನಿಲ್ಲುತ್ತದೆ. ಅದರ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿದು ದಂಡೆ ಸೇರಬೇಕು. ಹಡಗು ಅಲ್ಲಾಡುವುದು ಕಡಿಮೆ. ದೋಣಿ ಏರಿಳಿಯುತ್ತಲೇ ಇರುತ್ತದೆ. ಬಾಗಿಲಿನ ಮಟ್ಟಕ್ಕೆ ಬಂದ ದೋಣಿ ಮರುಗಳಿಗೆಗೆ ಒಂದಾಳು ಕೆಳಗಿರುತ್ತದೆ. ದೋಣಿಯ ಇಬ್ಬರು ಕೈ ಚಾಚಿ ನಿಂತಿರುತ್ತಾರೆ. ದೋಣಿ ಪೂರ್ತಿ ಮೇಲೆದ್ದು ಒಂದು ಕ್ಷಣ ನಿಂತ ಹಾಗೆ ಆಗುತ್ತದಲ್ಲ, ಹೆಜ್ಜೆ ಇಡಬೇಕಾದದ್ದು ಆಗಲೇ. ಇಳಿಯಲು ಶುರುವಾದ ಮೇಲೆ ಇಡಬಾರದು. 13 ಸೆಕೆಂಡಿನ ಅಲೆಯಲ್ಲಿ ಆ ಕ್ಷಣ ಮೊಣಕಾಲು ನೋವಿನವರಿಗೂ ಸಾಕಾಗುವಷ್ಟು ಉದ್ದ ಇರುತ್ತದೆ. 6 ಸೆಕೆಂಡಿನದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಕೆಲಸದಲ್ಲಿದ್ದಾಗ ನಾನು ಹೀಗೆ ಒಂದು ದ್ವೀಪದ ಹೊರಗೆ ದೋಣಿಗೆ ಇಳಿಯುತ್ತಿದ್ದೆ. ಜೊತೆಗಿದ್ದವರೊಬ್ಬರು ಆಗಲೇ ಇಳಿದು, ಬೀಳದಿರಲಿ ಅಂತ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು. ಅಲೆ ಬಂತು, ದೋಣಿ ಹಡಗಿಗೆ ಬಡಿಯಿತು. ಅವರ ಎರಡು ಬೆರಳು ನಡುವೆ ಸಿಕ್ಕಿ ಜಜ್ಜಿಹೋದವು. ಅವತ್ತಿನ ಕಡಲ ಮುನ್ಸೂಚನೆ ನಾನೇ ಬರೆದದ್ದು. ಅಲೆ 1.2 ಮೀಟರ್ ಎಂದು ಬರೆದಿದ್ದೆ, ಅದು ಸರಿಯಾಗಿಯೇ ಇತ್ತು. 5 ಸೆಕೆಂಡಿನ ಅಲೆ ಅನ್ನುವುದನ್ನು ಮಾತ್ರ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಅಂದಿನಿಂದ ಯಾರು ಕೇಳಿದರೂ ಎತ್ತರದ ಜೊತೆ ಸೆಕೆಂಡನ್ನೂ ಸೇರಿಸಿಯೇ ಹೇಳುತ್ತೇನೆ.

ನಿಮ್ಮ ಪುಣ್ಯಕ್ಕೆ, ದ್ವೀಪಕ್ಕೆ ಇಳಿಯುವ ದಿನ ಉದ್ದ ಅಲೆ, ಕಡಿಮೆ ಗಾಳಿ. ತಾಯಿಯವರನ್ನು ಗುಂಪಿನ ನಡುವೆ ತಳ್ಳಾಡಿಸಬೇಡಿ. ಎಲ್ಲರೂ ಇಳಿಯಲಿ, ಕೊನೆಗೆ ಇಳಿಸಿ. ಸಿಬ್ಬಂದಿಗೆ ಹಿಂದಿನ ರಾತ್ರಿಯೇ ಮೊಣಕಾಲಿನ ವಿಷಯ ಹೇಳಿಡಿ. ಅವರಿಗೆ ಇದು ದಿನದ ಕೆಲಸ, ವಯಸ್ಸಾದವರನ್ನು ಎಷ್ಟೋ ಸಲ ಎತ್ತಿ ಇಳಿಸಿರುತ್ತಾರೆ. ಕೈಯಲ್ಲಿ ಚೀಲ ಇರಬಾರದು. ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿರಲಿ. ಬೆರಳು ದೋಣಿಯ ಅಂಚಿನ ಹೊರಗೆ ಹೋಗದಿರಲಿ. ಹರಿಗೋಲು ಹತ್ತಿ ಗೊತ್ತಿದ್ದರೆ ಅವರಿಗೆ ಹಾಗೇ ಹೇಳಿ: ಅಂಚಿನ ಮೇಲೆ ಕಾಲಿಡಬಾರದು, ನಡುವೆ ಇಡಬೇಕು, ಇಟ್ಟ ಕೂಡಲೇ ಕೂತುಬಿಡಬೇಕು.

ವಾಪಸ್ ಹೊರಡುವ ದಿನ ಗಾಳಿ ತಗ್ಗಿಲ್ಲ ಅಂದರೆ ಹಡಗು ತಡವಾಗಬಹುದು. ಹಾಗಾಗಿ ಕೊಚ್ಚಿಯಿಂದ ಊರಿಗೆ ಬರುವ ರೈಲನ್ನು ಹಡಗು ಮುಟ್ಟುವ ದಿನಕ್ಕೇ ಮಾಡಿಸಬೇಡಿ. ನಡುವೆ ಒಂದು ದಿನ ಖಾಲಿ ಬಿಡಿ. ಆ ಒಂದು ದಿನ ಇಲ್ಲದೆ, ಬೇಡದ ಅಲೆಯಲ್ಲಿ ದೋಣಿ ಹತ್ತಲೇಬೇಕು ಅಂತ ಹಟ ಹಿಡಿದವರನ್ನು ನಾನು ನೋಡಿದ್ದೇನೆ.

ಕೊಚ್ಚಿಯಿಂದ ಕವರತ್ತಿಗೆ ಸುಮಾರು 400 ಕಿಲೋಮೀಟರ್. ರಾತ್ರಿ ಹಡಗಿನಲ್ಲೇ ಕಳೆಯುತ್ತದೆ. ಹೊಟ್ಟೆ ತೊಳಸುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇದ್ದರೆ ಅಲ್ಲಾಟ ಕಡಿಮೆ. ಡೆಕ್ ಮೇಲೆ ನಿಂತು ಕಡಲು ಆಕಾಶ ಕೂಡುವ ಗೆರೆಯನ್ನು ನೋಡುತ್ತಿದ್ದರೂ ಸರಿಹೋಗುತ್ತದೆ. ಫೋನ್ ನೋಡುವುದು ಬೇಡ. ಹತ್ತುವ ಮೊದಲು ಒಗ್ಗರಣೆ ಮಿರ್ಚಿ ಬೇಡ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ, ಒಂದು ಚೂರು ಶುಂಠಿ. ವಾಂತಿಯ ಮಾತ್ರೆಯನ್ನು ಹಡಗು ಅಲ್ಲಾಡಲು ಶುರುವಾಗುವ ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ. ತಾಯಿಯವರು ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊರಿನಲ್ಲೇ ಡಾಕ್ಟರನ್ನು ಕೇಳಿಕೊಂಡು ಹೊರಡಿ.

ತಂಡಿ? ದ್ವೀಪದಲ್ಲಿ ಇಲ್ಲ. ಈ ದಿನಗಳಲ್ಲಿ ನಮ್ಮ ರಾಯಚೂರು ಸೀಮೆಯಲ್ಲಿ ಮಧ್ಯಾಹ್ನ 30 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 17, 18ಕ್ಕೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಕವರತ್ತಿಯಲ್ಲಿ ಹಗಲು 30, 31 ಇದ್ದರೆ ರಾತ್ರಿಯೂ 24, 25. ನೆಲ ಬೇಗ ಕಾದು ಬೇಗ ಆರುತ್ತದೆ, ಕಡಲು ಆರುವುದೇ ಇಲ್ಲ. ನೀರು ಜನವರಿಯಲ್ಲೂ 28 ಡಿಗ್ರಿಯ ಹತ್ತಿರ ಇರುತ್ತದೆ. ಆದರೆ ಗಾಳಿಯಲ್ಲಿ ಪಸೆ ಜಾಸ್ತಿ. ನಮ್ಮಲ್ಲಿ ತಿಂಗಳಿಟ್ಟರೂ ಕಟಕಟ ಅನ್ನುವ ಖಡಕ್ ರೊಟ್ಟಿಯನ್ನು ಅಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮರುದಿನಕ್ಕೇ ಚರ್ಮದ ಹಾಗೆ ಬಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ಶೇಂಗಾ ಚಟ್ನಿಪುಡಿಗೂ ಅದೇ ಮಾತು. ಸ್ವೆಟರ್ ಬೇಡ. ರೈಲಿಗೆ ಮತ್ತು ಹಡಗಿನ ಎಸಿ ಹಾಲ್‌ಗೆ ಒಂದೊಂದು ಶಾಲು ಸಾಕು.

ಬಿಸಿಲು ಮಾತ್ರ ಸುಡುತ್ತದೆ. ಬಿಳಿ ಮರಳು ಕೆಳಗಿನಿಂದಲೂ ಬೆಳಕನ್ನು ವಾಪಸ್ ಎಸೆಯುತ್ತದೆ. ತಂಗಾಳಿಯಿಂದ ಸುಟ್ಟದ್ದು ಗೊತ್ತಾಗುವುದಿಲ್ಲ, ಸಂಜೆಗೆ ಮಕ್ಕಳ ಬೆನ್ನು ಕೆಂಪಾಗಿರುತ್ತದೆ. ನೀರಿಗೆ ಇಳಿಯುವಾಗಲೂ ತುಂಬುತೋಳಿನ ಅಂಗಿ ಇರಲಿ. ಸಂಜೆ ಅಲ್ಲಿ ಉದ್ದ. ಸಿಂಧನೂರಿಗಿಂತ ಸುಮಾರು ಅರ್ಧ ಗಂಟೆ ತಡವಾಗಿ ಹೊತ್ತು ಮುಳುಗುತ್ತದೆ. ಮಳೆ ಬಂದರೆ ರಾತ್ರಿ ಅಥವಾ ನಸುಕಿನಲ್ಲಿ ಒಂದು ಸಣ್ಣ ಸುರಿತ ಬಂದು ಹೋಗಬಹುದು. ನಮ್ಮಲ್ಲಿ ಮಧ್ಯಾಹ್ನ ಕಾದು ಸಂಜೆಗೆ ಮಳೆ. ಕಡಲ ಮೇಲೆ ಬಹಳ ಸಲ ಇದರ ತಿರುಗಾಮುರುಗಾ.

ತುಫಾನಿನ ಬಗ್ಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಚಳಿಗಾಲದ ಶುರುವಿನಲ್ಲಿ ಅಲ್ಲಿ ತುಫಾನು ಆಗಿದೆ. 2017ರ ನವೆಂಬರ್ ಕೊನೆಯಲ್ಲಿ ಶ್ರೀಲಂಕಾದ ಹತ್ತಿರ ಹುಟ್ಟಿದ ಒಖಿ, ಡಿಸೆಂಬರ್ ಮೊದಲ ದಿನಗಳಲ್ಲಿ ಮಿನಿಕಾಯ್, ಕಲ್ಪೇನಿ ದ್ವೀಪಗಳನ್ನು ಹೊಡೆದುಕೊಂಡು ಹೋಯಿತು. ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಮನೆಗೆ ಮರಳಲಿಲ್ಲ. ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಅಂಥದ್ದು ಬರುವುದು ಅಪರೂಪ. ಬಂದರೂ ಈಗ ದಿನಗಳ ಮೊದಲೇ ಗೊತ್ತಾಗುತ್ತದೆ. ಹವಾಮಾನ ಇಲಾಖೆಯ ಎಚ್ಚರಿಕೆಯಲ್ಲಿ ಲಕ್ಷದ್ವೀಪದ ಹೆಸರಿನ ಮುಂದೆ ಮೀನುಗಾರರು ಕಡಲಿಗೆ ಇಳಿಯಬಾರದು ಅಂತ ಇದ್ದರೆ, ನಿಮಗೂ ಅದೇ ಅನ್ವಯ. ಆ್ಯಪ್ ಏನೇ ತೋರಿಸಲಿ, ಅವತ್ತು ದೋಣಿ ಹತ್ತಬೇಡಿ.

ಅಲೆಯ ಮುನ್ಸೂಚನೆಗೆ ಇನ್‌ಕಾಯಿಸ್ ಅನ್ನುವ ಸಂಸ್ಥೆಯ ತಾಣ ನೋಡಿ. 1999ರಲ್ಲಿ ಶುರುವಾದದ್ದು, ಇರುವುದು ಹೈದರಾಬಾದಿನಲ್ಲಿ. ಆಸ್ಪತ್ರೆಗೆ, ಮದುವೆ ಜವಳಿಗೆ ರಾಯಚೂರಿನವರು ಹೋಗುವ ಅದೇ ಊರು. ಕಡಲಿನಿಂದ ಅಷ್ಟು ದೂರ ಕೂತು ದೇಶದ ಇಡೀ ಕಡಲಿನ ಅಲೆಗೆ ಅಲ್ಲಿ ಲೆಕ್ಕ ಹಾಕುತ್ತಾರೆ. ಅದರಲ್ಲಿ ದೂರದ ಅಲೆ ಬೇರೆ, ಗಾಳಿ ಅಲೆ ಬೇರೆ ಅಂತ ಬಿಡಿಸಿ ಕೊಡುತ್ತಾರೆ. ದೊಡ್ಡ ದೂರದ ಅಲೆ ಬರುವುದಿದ್ದರೆ ಪ್ರತ್ಯೇಕ ಎಚ್ಚರಿಕೆ ಇರುತ್ತದೆ. ಆಕಾಶ ತಿಳಿಯಾಗಿದ್ದು, ಗಾಳಿಯೇ ಇಲ್ಲದ ದಿನವೂ ಅದು ಬರುತ್ತದೆ. ಕೇರಳದ ಕಡೆ ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಬೇಸಿಗೆಯಲ್ಲಿ ಜಾಸ್ತಿ.

ಮಗಳಿಗೆ ಒಂದು ಕೆಲಸ ಹೇಳುತ್ತೇನೆ. ಎರಡನೇ ದಿನ ಬೆಳಿಗ್ಗೆ ಲಗೂನಿನ ದಂಡೆಯಲ್ಲಿ ಕೂತು, ದೂರದಲ್ಲಿ ದಿಬ್ಬದ ಮೇಲೆ ಅಲೆ ಒಡೆಯುವ ಒಂದು ಜಾಗವನ್ನು ಗುರುತು ಮಾಡಿಕೊಳ್ಳಲಿ. ಒಂದು ಅಲೆ ಒಡೆದಾಗ ಗಡಿಯಾರ ಶುರುಮಾಡಿ, ಅದನ್ನು ಬಿಟ್ಟು ಮುಂದಿನ ಹತ್ತು ಅಲೆ ಎಣಿಸಿ, ಬಂದ ಸೆಕೆಂಡನ್ನು ಹತ್ತರಿಂದ ಭಾಗಿಸಲಿ. 12, 13ರ ಹತ್ತಿರ ಬಂದರೆ ಆ್ಯಪ್ ಹೇಳಿದ್ದು ಸರಿ, ಅವತ್ತು ದೋಣಿಯಲ್ಲಿ ಹೋಗಿ ಬನ್ನಿ. ನಾಲ್ಕನೇ ದಿನ ಹೊರ ಕಡಲು ಕಾಣುವ ಪೂರ್ವದ ದಂಡೆಗೆ ಹೋಗಿ, ನೀರಿನಿಂದ ದೂರ ನಿಂತು ಇದನ್ನೇ ಮತ್ತೆ ಎಣಿಸಲಿ. ಎರಡೂ ಅಂಕಿಗಳನ್ನು ನನಗೆ ಬರೆದು ಕಳಿಸಲಿ.